ಸಾವನದುರ್ಗದ ಬಂಡೆ ಹತ್ತಿದ್ದು, ಮಾವನ ಸ್ಪೀಡಲ್ಲಿ

ನಮ್ ಸೋದರಮಾವ ಮಾಗಡಿ ಕಡೆಯವ್ರು. ಹುಡುಗನಾಗಿದ್ದಾಗ ಸಾವನದುರ್ಗದ ತಪ್ಪಲಲ್ಲೇ ದನ ಮೇಯ್ಸಿದವ್ರು, ಹಂಗಾಗಿ ಬೆಂಗಳೂರಿಂದ 60 ಕಿಲೋಮೀಟರ್ ಬಂದು ಟ್ರೆಕ್ಕಿಂಗ್ ಶೂ ಹಾಕ್ಕೊಂಡು ಬೆಟ್ಟ ಹತ್ತೋರನ್ನ ಕಂಡ್ರೆ ಅವ್ರಿಗೆ ಒಳಗೊಳಗೇ ನಗು. ವೀರಭದ್ರಸ್ವಾಮಿಗೂ ನರಸಿಂಹಸ್ವಾಮಿಗೂ ಕೈ ಮುಗಿದು, ಚಪ್ಪಲಿ ಬಿಚ್ಚಿ ಟವೆಲ್‌ಗೆ ಸುತ್ತಿ ಹೆಗಲಿಗೆ ಹಾಕ್ಕೊಂಡು ಹೊರಟೇಬಿಟ್ರು. ಬಿಸಿಲೇರಿದ್ರೆ ಬರಿಗಾಲಲ್ಲಿ ಆಗಲ್ಲ ಅಂತ ಬೆಳಕು ಹರಿಯೋಕ್ಮುಂಚೆನೇ ಎಬ್ಬಿಸಿದ್ರು ನನ್ನ.

ಬುಡದಲ್ಲಿ ದಿಂಡಿಗ, ತುಗ್ಗಲಿ ಮರದ ಒಣ ಕಾಡು, ಅಲ್ಲಲ್ಲಿ ಬಿದಿರು. ಅದು ದಾಟಿದ್ಮೇಲೆ ಬರೀ ಕಲ್ಲು, ಮೇಲಿನವರೆಗೂ, ಕಲ್ಲು ಕಲ್ಲು ಕಲ್ಲು. ಸಮುದ್ರಮಟ್ಟದಿಂದ 1226 ಮೀಟರ್. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡಿದೆ, ಜನ ಜಾಸ್ತಿ ಹತ್ತೋದು ಕರಿಗುಡ್ಡ.

"ಲೋ, ಕಪ್ಪು ಪಟ್ಟೆ ಮೇಲೆ ಕಾಲಿಡ್ಬೇಡ ಕಣೋ, ಅದು ನೀರಿನ ದಾರಿ" ಅಂದ್ರು ಮಾವ. ಮಳೆನೀರು ಇಳಿಯೋ ಜಾಗದಲ್ಲೆಲ್ಲ ಸಣ್ಣ ಪಾಚಿ ಹಿಡ್ದು ಕಪ್ಪಗಾಗಿರುತ್ತೆ, ಒಣಗಿದ್ದಾಗ ಏನಿಲ್ಲ, ಒಂಚೂರು ಇಬ್ಬನಿ ಬಿದ್ರೂ ಸೋಪ್ ಥರ ಜಾರುತ್ತೆ. ಪಕ್ಕದ ಬಂಡೆ ಮುಟ್ಟಿ ನೋಡ್ದೆ, ಉಗುರಿನಷ್ಟಗಲದ ಗುಲಾಬಿ ಹರಳುಗಳು, ಫೆಲ್ಡ್‌ಸ್ಪಾರ್ ಅನ್ನೋ ಖನಿಜ ಅದು, ಸುತ್ತಲಿನ ಕಲ್ಲು ಸವೆದು ಇವು ಮಾತ್ರ ಉಬ್ಬಿ ನಿಂತಿವೆ, ಕಾಲಿಗೆ ಹಿಡಿತ ಸಿಗೋದೇ ಅದ್ರಿಂದ. ಇದು ಕ್ಲೋಸ್‌ಪೇಟೆ ಗ್ರಾನೈಟು, ಸುಮಾರು 250 ಕೋಟಿ ವರ್ಷ ಹಳೇದು, ಹಂಪಿ ಕಡೆ ತನಕ ಉದ್ದಕ್ಕೂ ಹೋಗುತ್ತೆ. ರಾಮನಗರಕ್ಕೆ ಮುಂಚೆ ಕ್ಲೋಸ್‌ಪೇಟೆ ಅಂತ ಹೆಸರಿತ್ತಲ್ಲ, ಅದೇ.

ಅರ್ಧ ದಾರೀಲಿ ಬಂಡೆ ತಗ್ಗಲ್ಲಿ ಒಂದಿಷ್ಟು ನೀರು ನಿಂತಿತ್ತು, ಮೊಣಕಾಲೂ ಮುಳುಗಲ್ಲ, ಅದ್ರಲ್ಲೇ ಗೊದಮೊಟ್ಟೆ ಓಡಾಡ್ತಿದ್ವು. ಪಕ್ಕದ ಬಿರುಕಲ್ಲಿ ಒಂದು ಹಿಡಿ ಮಣ್ಣು, ಅಷ್ಟಕ್ಕೇ ಒಂದು ಗಿಡ. ನಾವು ಅಲ್ಲಿ ಕೂತಿದ್ದಾಗ ಎಷ್ಟೋ ಗ್ಯಾಂಗುಗಳು ಮೇಲೆ ಹೋದ್ವು, ಒಬ್ರೂ ಬಗ್ಗಿ ನೋಡ್ಲಿಲ್ಲ. ತುದೀಲಿರೋ ಬಸವಣ್ಣನ ಮಂಟಪದ ಫೋಟೋನೇ ಎಲ್ರಿಗೂ ಬೇಕಾಗಿರೋದು. ಶೂ ಹಾಕಿ ಒಬ್ನೇ ಬಂದಿದ್ರೆ ನಾನೂ ಅದೇ ಸ್ಪೀಡಲ್ಲೇ ಹೋಗ್ತಿದ್ದೆ ಅನ್ನಿ.

ಮೇಲಿಂದ ಮಂಚನಬೆಲೆ ಡ್ಯಾಮಿನ ನೀರು ಕಾಣುತ್ತೆ. ಕೆಂಪೇಗೌಡರ ವಂಶದವ್ರ ಕೈಲಿದ್ದ ಕೋಟೆ ಇದು, ಆಮೇಲೆ ಟಿಪ್ಪು ಕೈಲಿದ್ದಾಗ 1791ರ ಡಿಸೆಂಬರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಸೈನ್ಯ ಬಿದಿರು ಕಾಡು ಕಡಿದು ದಾರಿ ಮಾಡಿ ಫಿರಂಗಿ ಎಳ್ಕೊಂಡು ಬಂದು ಹಿಡೀತು. ಬರೀ ಒಂದು ಬಾಟ್ಲು ನೀರು ಹೊತ್ಕೊಂಡು ಬಂದಿದ್ದಕ್ಕೇ ನನ್ ಬೆನ್ನು ಹೋಗಿತ್ತು.

ಮಾವ ಮಾತ್ರ ಆಕಾಶ ನೋಡ್ತಿದ್ರು. "ಮುಂಚೆ ದನ ಸತ್ರೆ ಸಾಕು, ರಣಹದ್ದು ಬಂದು ಮುಕ್ರಿಬಿಡೋವು" ಅಂದ್ರು. ಈಗ ದನ ಸತ್ರೂ ಬರೋರಿಲ್ಲ. ದನಗಳಿಗೆ ಕೊಡ್ತಿದ್ದ ಡೈಕ್ಲೊಫೆನಾಕ್ ನೋವಿನ ಔಷಧಿ, ಆ ದನ ಸತ್ತಾಗ ತಿಂದ ಹದ್ದುಗಳ ಕಿಡ್ನಿ ತೆಗೀತು, 2006ರಲ್ಲಿ ದನಗಳಿಗೆ ಅದನ್ನ ಕೊಡೋದನ್ನ ಬ್ಯಾನ್ ಮಾಡೋ ಹೊತ್ತಿಗೆ ಬಹುಪಾಲು ಖಾಲಿ. ಉಳಿದಿರೋ ಕೆಲವಕ್ಕೆ ಅಂತಲೇ ಹತ್ರದ ರಾಮದೇವರ ಬೆಟ್ಟನ 2012ರಲ್ಲಿ ರಣಹದ್ದು ಧಾಮ ಮಾಡಿದ್ದಾರೆ ಅಂದೆ. "ಹಂಗಾದ್ರೆ ಮುಂದಿನ್ಸಲ ಅಲ್ಲಿಗೇ ಕರ್ಕೊಂಡ್ ಹೋಗು" ಅಂದ್ರು.

ಹೋಗೋರು ಇದ್ರೆ: ಕಾಡು, ಬೆಟ್ಟ ಎರಡೂ ಅರಣ್ಯ ಇಲಾಖೆದು, ಪರ್ಮಿಷನ್ ತಗೊಂಡೇ ಹೋಗಿ, ಮಳೆ ಬಿದ್ದಿದ್ರೆ ಬೇಡವೇ ಬೇಡ. ಚಿಪ್ಸ್ ಪ್ಯಾಕೆಟ್ ಆ ನೀರಿನ ಗುಂಡಿಗೆ ಹಾಕ್ಬೇಡ್ರಪ್ಪಾ, ನಾವು ತೆಗೆದಿದ್ದೇ ಒಂದು ಚೀಲ ಆಯ್ತು.