ಫೆರಿಕ್ ಕ್ಲೋರೈಡಿನ ನೆತ್ತರು

2006ರ ಆಷಾಢದಲ್ಲಿ ನಾವು ಬಿ.ಎಸ್‌ಸಿ. ಎರಡನೇ ವರ್ಷದ ಹುಡುಗರು ಸೇರಿ ಒಂದು ಕೊಲೆಯ ಸಿನಿಮಾ ಮಾಡಿದೆವು. ಆಷಾಢವೇ ಏಕೆಂದರೆ, ಮದುವೆ ವಿಡಿಯೊ ತೆಗೆಯುವ ಸ್ಟುಡಿಯೊದವರ ಕ್ಯಾಮೆರಾ ಆಗ ಮಾತ್ರ ಕಪಾಟಿನಲ್ಲಿ ಕೂತಿರುತ್ತಿತ್ತು. ಮಲೆನಾಡಿನ ಆ ಮಳೆಯಲ್ಲಿ ಹೊರಗೆ ಕಾಲಿಡುವಂತಿರಲಿಲ್ಲವಾಗಿ, ಹೊಳೆದಂಡೆಯಲ್ಲಿ ಆಗಬೇಕಿದ್ದ ಕೊಲೆ ಹಾಸ್ಟೆಲ್ ಜಗುಲಿಗೆ ವರ್ಗವಾಯಿತು. ನಾಯಕ, ಖಳನಾಯಕ, ಚಾಕು ಎಲ್ಲ ಹಾಸ್ಟೆಲಿನಲ್ಲೇ ಸಿಕ್ಕಿದವು. ರಕ್ತವೊಂದು ಸಿಗಲಿಲ್ಲ.

ಮೊದಲು ಹೊಳೆದದ್ದು ಆರತಿಗೆ ಕಲಸುವ ಓಕುಳಿ ನೀರು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಕಥಕಳಿಯಲ್ಲಿ ಶೂರ್ಪನಖಿ ಮೈತುಂಬ ಸುರಿದುಕೊಂಡು ಬರುವ ‘ನಿಣ’ಕ್ಕೂ ಅರಿಶಿನ, ಸುಣ್ಣವೇ ಬೇಕು. ತಟ್ಟೆಯಲ್ಲಿ ನೋಡಿದರೆ ಒಳ್ಳೆಯ ಕೆಂಪು. ಅಂಗಿಯ ಮೇಲೆ ಆರತೊಡಗಿತೋ, ಅಂಚಿನಿಂದ ಹಳದಿ ಹೊರಡುತ್ತಿತ್ತು. ಆ ಅಂಗಿಯನ್ನು ಒಗೆಯಲು ತೆಗೆದುಕೊಂಡ ಗೆಳೆಯನ ಅಮ್ಮ, ಸೋಪು ಉಜ್ಜಿದ ಕೂಡಲೇ ಹಳದಿ ಕಲೆ ಮತ್ತೆ ಕೆಂಪಾದದ್ದು ಕಂಡು, “ಇದೆಂಥದೋ ಇದು, ತೊಳೆದಷ್ಟೂ ರಕ್ತ ಬರ್ತದಲ್ಲ!” ಎಂದು ಬಕೆಟ್ಟನ್ನೇ ದೂಡಿಬಿಟ್ಟರಂತೆ.

ನಮ್ಮ ರಸಾಯನಶಾಸ್ತ್ರದ ಮೇಷ್ಟ್ರಿಗೆ ಸಿನಿಮಾ ಅಂದರೆ ಅಷ್ಟಕ್ಕಷ್ಟೆ. ಆದರೆ ಒಂದು ಬಣ್ಣ ಏಕೆ ನಿಲ್ಲುವುದಿಲ್ಲ ಎಂದು ಕೇಳಿದರೆ ಸುಮ್ಮನಿರುವ ಜೀವವಲ್ಲ. “ಅರಿಶಿನದ ಕರ್ಕ್ಯುಮಿನ್ ಒಂದು ಇಂಡಿಕೇಟರ್ ಕಣ್ರೋ. ಪ್ರತ್ಯಾಮ್ಲ ಇದ್ದಷ್ಟು ಹೊತ್ತು ಕೆಂಪು. ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಕಾರ್ಬೊನೇಟ್ ಆದಮೇಲೆ ಇನ್ನೆಲ್ಲಿಯ ಕೆಂಪು?” ಎಂದರು. ಆಮೇಲೆ ಕನ್ನಡಕದ ಮೇಲಿಂದ ನೋಡಿ, “ಸಾಲ್ಟ್ ಅನಾಲಿಸಿಸ್‌ನಲ್ಲಿ ಫೆರಿಕ್ ಅಯಾನನ್ನು ಹೇಗೆ ಪತ್ತೆ ಮಾಡ್ತೀರಿ?” ಎಂದು ಕೇಳಿದರು. ಫೆರಿಕ್ ಎಂದರೆ ಕಬ್ಬಿಣದ ಒಂದು ರೂಪ, ಅದಕ್ಕೆ ಪೊಟ್ಯಾಸಿಯಂ ಥಯೋಸಯನೇಟ್ ಎಂಬ ಲವಣ ಹಾಕಿದರೆ ರಕ್ತಗೆಂಪು ಬಣ್ಣ. ನಾವೆಲ್ಲ ರೆಕಾರ್ಡ್ ಪುಸ್ತಕದಲ್ಲಿ ಕಾಪಿ ಹೊಡೆದಿದ್ದ ವಾಕ್ಯ ಅದು.

ಮೇಷ್ಟ್ರು ತಮ್ಮ ಅಂಗಿಯ ತೋಳು ಮಡಚಿದರು. ನೀರಾಗಿಸಿದ ಫೆರಿಕ್ ಕ್ಲೋರೈಡನ್ನು ಹತ್ತಿಯಲ್ಲಿ ಅದ್ದಿ ಮುಂಗೈಗೆ ಸವರಿ ಆರಲು ಬಿಟ್ಟರು. ಬಾಟಲಿಯಲ್ಲಿ ಕಂದಾಗಿದ್ದದ್ದು ಚರ್ಮದ ಮೇಲೆ ಕಾಣಿಸಲೇ ಇಲ್ಲ. ಮೊಂಡು ಚಾಕುವಿನ ಅಂಚಿಗೆ ಥಯೋಸಯನೇಟ್ ಹಚ್ಚಿ ಮೆಲ್ಲಗೆ ಎಳೆದರು. ಚಾಕು ಸರಿದಂತೆಲ್ಲ ಹಿಂದೆಯೇ ಕೆಂಪು ಗೆರೆ ಬಿಚ್ಚಿಕೊಂಡಿತು. ಅದರ ತುದಿಯಿಂದ ಒಂದು ಹನಿ ಮಣಿಕಟ್ಟಿನತ್ತ ಇಳಿಯಿತು. ಅಟೆಂಡರ್ “ಅಯ್ಯೋ ಸಾರ್!” ಎಂದು ಓಡಿಬಂದರು. ಅದಲು ಬದಲು ಮಾಡಿ ಹಚ್ಚಬಾರದೇ ಎಂದದ್ದಕ್ಕೂ ಉತ್ತರ ಸಿದ್ಧವಿತ್ತು: ಫೆರಿಕ್ ಕ್ಲೋರೈಡ್ ಚಾಕುವಿನ ಕಬ್ಬಿಣವನ್ನೇ ತಿಂದು ಫೆರಸ್ ಎಂಬ ಇನ್ನೊಂದು ರೂಪಕ್ಕೆ ತಿರುಗಿಬಿಡುತ್ತದೆ, ಫೆರಸ್‌ಗೆ ಈ ಬಣ್ಣ ಬರುವುದಿಲ್ಲ.

ಷರತ್ತುಗಳೂ ಬಂದವು. ಮುಖಕ್ಕೆ, ಗಾಯಕ್ಕೆ ತಾಗಿಸಬಾರದು, ಶಾಟ್ ಮುಗಿದ ಕೂಡಲೇ ತೊಳೆಯಬೇಕು, ಬಾಟಲಿ ಲ್ಯಾಬ್ ಬಿಟ್ಟು ಹೋಗಬಾರದು, ವಿದ್ಯಾರ್ಥಿಗಳ ಮೈಗಂತೂ ಹಚ್ಚುವುದೇ ಬೇಡ. ಹೀಗಾಗಿ ಆ ಕ್ಲೋಸಪ್ಪನ್ನು ಲ್ಯಾಬಿನಲ್ಲೇ, ಸಿಂಕಿಗೆ ಹಾಸ್ಟೆಲ್ ಕಂಬಳಿ ಮುಚ್ಚಿ, ಮೇಷ್ಟ್ರ ಕೈಯನ್ನೇ ಇಟ್ಟು ತೆಗೆದೆವು. ನಾಯಕನಿಗೆ ಇಪ್ಪತ್ತರ ಮುಖ, ಐವತ್ತು ದಾಟಿದ ಕೈ.

ಗೆರೆಗೆ ಇದು ಸಾಕು. ಮಡುಗಟ್ಟುವ ರಕ್ತಕ್ಕೆ ಸಾಲದು. ‘ದಿ ಗಾಡ್‌ಫಾದರ್’ಗೆ ಮೇಕಪ್ ಮಾಡಿದ ಡಿಕ್ ಸ್ಮಿತ್ ಜೋಳದ ಸಿರಪ್ಪಿಗೆ ತಿನ್ನುವ ಬಣ್ಣ ಬೆರೆಸುತ್ತಿದ್ದರು. ನಮ್ಮೂರಲ್ಲಿ ಅದೆಲ್ಲಿ? ಇದ್ದದ್ದು ಜೋನಿ ಬೆಲ್ಲ, ಅದೇ ವಾಸಿ ಎಂದು ಈಗಲೂ ಹೇಳುತ್ತೇನೆ. ಅದರ ಕಂದು ಬಣ್ಣದಿಂದಾಗಿ ಅಂಗಡಿಯ ಮಿಠಾಯಿ ಕೆಂಪು ತಾನಾಗಿ ಗಾಢವಾಗುತ್ತಿತ್ತು. ಬೀಟ್‌ರೂಟ್ ಹಾಕಿದರೆ ನೇರಳೆ ಹೊಡೆಯುತ್ತದೆ, ಟೊಮೆಟೊ ಸಾಸು ಸಾಸಿನಂತೆಯೇ ಕಾಣುತ್ತದೆ. ಒಣಗಿದ ರಕ್ತಕ್ಕೆ ಒಂದಿಷ್ಟು ಕಾಫಿ ಡಿಕಾಕ್ಷನ್. ಗಾಢವಾಗಿಸಲು ಇನ್ನೊಂದು ಕಾರಣವೂ ಇತ್ತು: ಆಗಿನ ಮಿನಿ ಡಿವಿ ಟೇಪು ಬೆಳಕಿನ ವಿವರದಷ್ಟು ಬಣ್ಣದ ವಿವರ ಹಿಡಿಯುತ್ತಿರಲಿಲ್ಲ, ಕಡುಗೆಂಪು ಅಂಚು ಮೀರಿ ಹರಡಿ ಚೌಕ ಚೌಕವಾಗಿ ಕಾಣುತ್ತಿತ್ತು.

ಬೆಲ್ಲದ ಪಾಕ ಎಣ್ಣೆಮೈ ಮೇಲೆ ಮಣಿಗಟ್ಟಿ ನಿಲ್ಲುತ್ತದೆ, ಹರಿಯುವುದಿಲ್ಲ. ಸ್ಮಿತ್ ಅದಕ್ಕೆಂದೇ ಫೋಟೊ ತೊಳೆಯುವ ದ್ರಾವಣವೊಂದನ್ನು ಬೆರೆಸುತ್ತಿದ್ದರು, ಅದು ವಿಷ. ನಾವು ಎರಡು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿದೆವು, ಅಂಗಿಯ ಕಲೆಯೂ ಸುಲಭವಾಗಿ ಬಿಟ್ಟಿತು. ಬಾಯಿಂದ ಒಸರುವ ರಕ್ತಕ್ಕೆ ಮಾತ್ರ ಜೇನುತುಪ್ಪದ್ದೇ ಬೇರೆ ಸೀಸೆ. ಮೆಡಿಕಲ್ ಶಾಪಿನ ಡ್ರಿಪ್ ಸೆಟ್ಟಿನ ನಳಿಕೆಯನ್ನು ಅಂಗಿಯೊಳಗೆ ಹಾಯಿಸಿ, ಕ್ಯಾಮೆರಾಗೆ ಕಾಣದಂತೆ ಕಂಬದ ಹಿಂದೆ ಒಬ್ಬ ಸಿರಿಂಜ್ ಹಿಡಿದು ಕೂರುತ್ತಿದ್ದ. ಜೋರಾಗಿ ಒತ್ತಿದರೆ ಪಿಚಕಾರಿ. ನಿಧಾನಕ್ಕೆ ಒತ್ತಿದರೇ ನೋಡುವವರಿಗೆ ನಡುಕ. ಸತ್ತು ಬಿದ್ದವನನ್ನು ಇರುವೆ ಮುತ್ತುವ ಮೊದಲೇ ಶಾಟ್ ಮುಗಿಸಬೇಕಿತ್ತು. ನಮ್ಮ ಸಿನಿಮಾದಲ್ಲಿ ಹೆಣ ಅಲುಗಾಡುವುದು ಅದಕ್ಕೇ.

ಸೆಮಿನಾರ್ ಹಾಲಿನಲ್ಲಿ ಪ್ರದರ್ಶನ ಇಟ್ಟ ದಿನವೂ ಮಳೆ. ಶೀಟಿನ ಸದ್ದಿಗೆ ಸಂಭಾಷಣೆ ಒಂದೂ ಕೇಳಿಸಲಿಲ್ಲ. ಚಾಕು ಎಳೆದ ಕ್ಷಣಕ್ಕೆ ಮಾತ್ರ ಹಿಂದಿನ ಬೆಂಚುಗಳಿಂದ ಕೂಗು ಎದ್ದಿತು. ಪ್ರಿನ್ಸಿಪಾಲರು ಬೆಚ್ಚಿ ತಿರುಗಿದಾಗ, ಪಕ್ಕದಲ್ಲಿದ್ದ ಮೇಷ್ಟ್ರು ಗತ್ತಿನಿಂದ, “ಅದು ನನ್ನ ಕೈ ಸಾರ್” ಎಂದರು.