ಸುಗಿ: ಬೆಳೆಸಿದವರ ಕೈಗುಣ ತೋರುವ ಮರ

ಜಪಾನಿನ ಸುಗಿ ಮರದ ಒಣಗಿದ ಹಲಗೆಯ ಮೇಲೆ ಹೆಬ್ಬೆರಳಿನ ಉಗುರನ್ನು ತುಸು ಒತ್ತಿದರೆ ಸಾಕು, ಗೆರೆ ಮೂಡುತ್ತದೆ. ತೇಗ, ಬೀಟೆಗಳನ್ನು ನೋಡಿ ಬೆಳೆದ ನಮಗೆ ಇದೆಂಥ ನಾಟಾ ಎನಿಸುವುದು ಸಹಜ. ಇದರ ಒಂದು ಘನಮೀಟರ್ ಸುಮಾರು 380 ಕಿಲೋ ತೂಗುತ್ತದೆ, ಅಂದರೆ ತೇಗದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆದರೂ ಜಪಾನಿನವರು ಮನೆಯ ಕಂಬ, ಚಾವಣಿಯ ಹಲಗೆ, ದೋಣಿ, ಪೀಪಾಯಿ, ಊಟದ ಡಬ್ಬಿ ಎಲ್ಲವನ್ನೂ ಇದರಿಂದಲೇ ಮಾಡಿಕೊಂಡು ಬಂದಿದ್ದಾರೆ. ಜಪಾನಿನ ಸಿಡಾರ್ ಎಂಬ ಹೆಸರಿದ್ದರೂ ಇದು ಹಿಮಾಲಯದ ದೇವದಾರಿನ ಕುಲಕ್ಕೆ ಸೇರಿದ್ದಲ್ಲ, ಸೈಪ್ರೆಸ್ ಕುಟುಂಬದ ಮರ. (ಡಾರ್ಜಿಲಿಂಗ್ ಸುತ್ತಮುತ್ತ ಧೂಪಿ ಎಂಬ ಹೆಸರಿನಲ್ಲಿ ಸಾಲುಸಾಲಾಗಿ ನಿಂತಿರುವುದೂ ಇದೇ, ಬ್ರಿಟಿಷರ ಕಾಲದಲ್ಲಿ ಅಲ್ಲಿಗೆ ಬಂದದ್ದು.)

ಈ ಮರದ ಗುಣವನ್ನು ಬೀಜಕ್ಕಿಂತ ಹೆಚ್ಚಾಗಿ ಬೆಳೆಸುವವರೇ ನಿರ್ಧರಿಸುತ್ತಾರೆ ಎಂಬುದಕ್ಕೆ ನಾರಾ ಪ್ರಾಂತ್ಯದ ಯೋಶಿನೊ ಸಾಕ್ಷಿ. ಬೇರೆ ಕಡೆ ಒಂದು ಹೆಕ್ಟೇರಿಗೆ ಸುಮಾರು 3,000 ಸಸಿ ನೆಟ್ಟರೆ, ಅಲ್ಲಿ 8,000ದಿಂದ 10,000 ಸಸಿಗಳನ್ನು ಒತ್ತೊತ್ತಾಗಿ ನೆಡುವ ಪದ್ಧತಿ ಬೆಳೆದುಬಂತು. ಬೆಳಕು ಸಿಗದೆ ಕೆಳಗಿನ ರೆಂಬೆಗಳು ಬೇಗ ಸತ್ತುಹೋಗುವುದರಿಂದ ಗಂಟುಗಳು ಕಡಿಮೆಯಾಗುತ್ತವೆ. ಕಾಂಡ ದಪ್ಪಗಾಗಲು ಅವಸರಪಡದೆ ನೆಟ್ಟಗೆ ಮೇಲೇರುತ್ತದೆ. ವರ್ಷದ ಉಂಗುರಗಳು ತೆಳ್ಳಗೆ, ಒಂದೇ ಸಮನಾಗಿ ಕೂರುತ್ತವೆ. ಬಳಿಕ ಕೆಲವು ವರ್ಷಗಳಿಗೊಮ್ಮೆ ನಡುನಡುವಿನ ಮರಗಳನ್ನು ತೆಗೆಯುತ್ತಾ, ಉಳಿದವನ್ನು ನೂರು ವರ್ಷ ಮತ್ತು ಅದಕ್ಕೂ ಹೆಚ್ಚು ಕಾಲ ಬೆಳೆಯಲು ಬಿಡುತ್ತಾರೆ. ಬೆಟ್ಟದ ಒಡೆಯರು ಅನೇಕ ವೇಳೆ ಊರಿನಾಚೆಯ ಹಣವಂತರು. ಕಾಡನ್ನು ನೋಡಿಕೊಳ್ಳುವವರು ಯಾಮಾಮೊರಿ ಎಂಬ ಸ್ಥಳೀಯರು. ನೆಟ್ಟವನು ಫಲ ಕಾಣದ ಈ ಕಸುಬು ತಲೆಮಾರುಗಳ ಕಾಲ ನಡೆದದ್ದು ಆ ವ್ಯವಸ್ಥೆಯಿಂದಲೇ ಎಂದು ನನಗನಿಸುತ್ತದೆ. ಕಡಿದ ಮೇಲೂ ಆತುರವಿಲ್ಲ. ಹಸಿ ಸುಗಿಯಲ್ಲಿ ನೀರು ಬಹಳ. ಹಾಗಾಗಿ ಉರುಳಿಸಿದ ಮರವನ್ನು ಎಲೆ ಸಮೇತ ಇಳಿಜಾರಿನಲ್ಲೇ ತಿಂಗಳುಗಟ್ಟಲೆ ಬಿಡುತ್ತಾರೆ. ಎಲೆಗಳು ಕಾಂಡದ ನೀರನ್ನು ಹೀರಿ ಹೊರಬಿಟ್ಟಂತೆ ದಿಮ್ಮಿ ಹಗುರವಾಗುತ್ತದೆ.

ಯೋಶಿನೊ ಸುಗಿಗೆ ಹೆಸರು ತಂದದ್ದು ಸಾಕೆ ಎಂಬ ಅಕ್ಕಿಯ ಮದ್ಯ ತುಂಬುವ ಪೀಪಾಯಿ. ಸುಗಿಯ ಚೇಗು, ಅಂದರೆ ಕಾಂಡದ ಒಳಭಾಗ, ನಸುಗೆಂಪು, ಅದರ ಹೊರಭಾಗ ಬಿಳಿ. ಈ ಎರಡೂ ಸೇರುವ ಗಡಿಯಲ್ಲಿ ಸೀಳಿದ ಪಟ್ಟಿಗಳನ್ನು, ಕೆಂಪು ಒಳಗೆ, ಬಿಳಿ ಹೊರಗೆ ಬರುವಂತೆ ಜೋಡಿಸಿ ಬಿದಿರಿನ ಬಳೆಗಳಿಂದ ಬಿಗಿದದ್ದೇ ಶ್ರೇಷ್ಠ ಪೀಪಾಯಿ. ಉಂಗುರಗಳು ಸಮನಾಗಿ ಒತ್ತಾಗಿರುವುದರಿಂದ ಅದು ಸೋರುವುದಿಲ್ಲ. ಚೇಗಿನ ಪರಿಮಳ ಸಾಕೆಗೂ ಇಳಿಯುತ್ತದೆ. ಎಡೊ ಕಾಲದಲ್ಲಿ (1603–1868) ನಾದಾ ಪ್ರದೇಶದ ಸಾಕೆ ಇಂಥ ಪೀಪಾಯಿಗಳಲ್ಲೇ ಹಡಗೇರಿ ಎಡೊ ನಗರಕ್ಕೆ, ಅಂದರೆ ಇಂದಿನ ಟೋಕಿಯೊಗೆ, ಹೋಗುತ್ತಿತ್ತು. ಪೀಪಾಯಿ ಮಾಡಿ ಮಿಕ್ಕ ಚೂರುಗಳಿಂದ ಊಟದ ಕಡ್ಡಿಗಳಾದವು.

ಇದೇ ಮರ ಇಂದು ಜಪಾನಿನಲ್ಲಿ ಬೈಗುಳ ತಿನ್ನುತ್ತಿದೆ. ಎರಡನೇ ಮಹಾಯುದ್ಧದ ನಂತರ ಬೋಳಾಗಿದ್ದ ಬೆಟ್ಟಗಳಲ್ಲಿ, ಅಗಲ ಎಲೆಯ ಕಾಡುಗಳನ್ನು ಕಡಿದ ಜಾಗದಲ್ಲಿ ಕೂಡ, ಸರ್ಕಾರದ ಉತ್ತೇಜನದಿಂದ ಸುಗಿಯನ್ನು ನೆಡಲಾಯಿತು. 1964ರಲ್ಲಿ ನಾಟಾ ಆಮದಿನ ಮೇಲಿದ್ದ ನಿರ್ಬಂಧ ತೆರವಾಗಿ ಅಗ್ಗದ ವಿದೇಶಿ ಮರ ಬಂದಂತೆ, ನಡುವಿನ ಮರಗಳನ್ನು ತೆಗೆಯುವ ಕೂಲಿಯೂ ಗಿಟ್ಟದಾಯಿತು. ಇಂದು ಸುಮಾರು 44 ಲಕ್ಷ ಹೆಕ್ಟೇರಿನಲ್ಲಿ ಸುಗಿ ನೆಡುತೋಪುಗಳಿವೆ. ಮೂವತ್ತು ವರ್ಷ ದಾಟಿದ ಮರಗಳು ಹೇರಳವಾಗಿ ಪರಾಗ ಉದುರಿಸುತ್ತವೆ; ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಸೀನು, ಕಣ್ಣುರಿ. 2019ರ ಸಮೀಕ್ಷೆಯಂತೆ ಹತ್ತರಲ್ಲಿ ಸುಮಾರು ನಾಲ್ವರಿಗೆ ಈ ಅಲರ್ಜಿಯಿದೆ. ಮೊದಲ ವೈದ್ಯಕೀಯ ವರದಿ ಬಂದದ್ದು, ಕಾಕತಾಳೀಯವೆಂಬಂತೆ, 1964ರಲ್ಲೇ, ಅದೂ 17ನೇ ಶತಮಾನದಲ್ಲಿ ನೆಟ್ಟ ಸುಗಿ ಸಾಲುಮರಗಳಿಗೆ ಪ್ರಸಿದ್ಧವಾದ ನಿಕ್ಕೊದಿಂದ.

ಹತ್ತು ವರ್ಷಗಳಲ್ಲಿ ಈ ತೋಪುಗಳನ್ನು ಶೇ 20ರಷ್ಟು ಕಡಿಮೆ ಮಾಡಿ, ಮೂವತ್ತು ವರ್ಷಗಳಲ್ಲಿ ಪರಾಗವನ್ನು ಅರ್ಧಕ್ಕಿಳಿಸುವ ಯೋಜನೆಯನ್ನು ಸರ್ಕಾರ 2023ರಲ್ಲಿ ಪ್ರಕಟಿಸಿತು. ಕಡಿದಲ್ಲಿ ಪರಾಗ ಕಡಿಮೆಯಿರುವ ತಳಿಗಳನ್ನು ನೆಡುವುದು ಅದರ ಒಂದು ಭಾಗ. ನನಗೆ ಕಾಣುವ ತೊಡಕು ಬೇರೆ: ಕಡಿದ ಮರವನ್ನು ಮನೆಗಳಿಗೆ ಬಳಸುವವರು ಹೆಚ್ಚಬೇಕು, ಕಡಿದಾದ ಬೆಟ್ಟಗಳಲ್ಲಿ ಗರಗಸ ಹಿಡಿಯುವವರೂ ಸಿಗಬೇಕು. ಹೊಸ ತಳಿಯನ್ನು ನೆಟ್ಟ ಮೇಲೂ ನಡುನಡುವೆ ಮರ ತೆಗೆಯುವವರಿಲ್ಲದಿದ್ದರೆ, ಸೀನು ಕಡಿಮೆಯಾದೀತೇ ಹೊರತು ಒಳ್ಳೆಯ ಹಲಗೆ ದೊರೆಯದು.