ಅಟ್ಟದಿಂದ ಇಳಿದ ಸ್ಪೀಕರು

ಮೈಸೂರಿನಲ್ಲಿದ್ದ ತಾತನ ಮನೆಯನ್ನು ಕೆಲವು ವರ್ಷಗಳ ಹಿಂದೆ ಖಾಲಿ ಮಾಡಿದಾಗ, ಉಳಿದವರೆಲ್ಲ ಬೇಡವೆಂದ ಹಳೆಯ ವಾಲ್ವ್ ರೇಡಿಯೋ ನನ್ನ ಪಾಲಿಗೆ ಬಂತು. ಮರದ ಪೆಟ್ಟಿಗೆಯ, ಇಬ್ಬರು ಹಿಡಿದು ಎತ್ತಬೇಕಾದ ಸೆಟ್ಟು ಅದು. ಚಾಲೂ ಮಾಡಿದರೆ ನಿಲಯದ ಧ್ವನಿಗಿಂತ ಮೊದಲು ದುಂಬಿಯೊಂದು ಒಳಹೊಕ್ಕಂತೆ ಗುಂಯ್ ಎನ್ನುವ ಹಮ್ಮು ಕೇಳಿಸುತ್ತಿತ್ತು. ಕಾಲು ಗಂಟೆ ಕಳೆಯುವಷ್ಟರಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಕಾದ ವಾರ್ನಿಷಿನ ವಾಸನೆ ಏಳುತ್ತಿತ್ತು. ಹಮ್ಮು ಬಂದರೆ ವಿದ್ಯುತ್ತಿನ ಅಲೆಯನ್ನು ತಗ್ಗಿಸುವ ಫಿಲ್ಟರ್ ಕಂಡೆನ್ಸರ್ ಒಣಗಿದೆ ಎಂದು ಎಲ್ಲರೂ ಹೇಳುವಂತೆ ನಾನೂ ನಂಬಿ, ಸೆಟ್ಟಿನಲ್ಲಿದ್ದ ಎರಡನ್ನೂ ಬದಲಿಸಿದೆ. ಹಮ್ಮು ಸ್ವಲ್ಪ ತಗ್ಗಿತೇ ಹೊರತು ಹೋಗಲಿಲ್ಲ.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಸೆಟ್ಟನ್ನು ಕಾರಿನಲ್ಲಿ ಹೇರಿಕೊಂಡು, ದಶಕಗಳ ಕಾಲ ರೇಡಿಯೋ ರಿಪೇರಿ ಅಂಗಡಿ ನಡೆಸಿ ಈಗ ಮನೆಯಲ್ಲಿರುವ ಹಿರಿಯರೊಬ್ಬರ ಬಳಿಗೆ ಹೋದೆ. ಅವರು ಸ್ವಿಚ್ಚು ಹಾಕುವ ಗೋಜಿಗೇ ಹೋಗದೆ ಹಿಂಬದಿಯ ರಟ್ಟನ್ನು ತೆಗೆದು, ಸ್ಪೀಕರನ್ನು ಬೆರಳಿನಿಂದ ತಟ್ಟಿ ನಕ್ಕರು. ‘ಇದು ಮ್ಯಾಗ್ನೆಟ್ ಸ್ಪೀಕರು ಸಾರ್, ಈ ಸೆಟ್ಟಿನದಲ್ಲ. ಆ ಎರಡು ವೈರು ನೋಡಿ.’ ಹಳೆಯ ಬಟ್ಟೆ ಸುತ್ತಿದ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಯಾರೋ ಕಪ್ಪು ಟೇಪು ಸುತ್ತಿದ್ದರು. ಯಾರೋ ಏನು, ನಮ್ಮ ಚಿಕ್ಕಪ್ಪನೇ. ಧ್ವನಿ ಹೊರಡಿಸುವ ಕಾಗದದ ಕೋನ್ ಹರಿದಿದ್ದ ಮೂಲ ಸ್ಪೀಕರನ್ನು ಬಿಚ್ಚಿ ಹೊಸದನ್ನು ಕೂರಿಸಿದ ಅವರಿಗೆ, ಹಳೆಯದಕ್ಕೆ ನಾಲ್ಕು ತಂತಿಗಳೇಕೆ ಇದ್ದವು ಎಂಬುದು ಹೊಳೆಯದೆ, ಉಳಿದ ಎರಡನ್ನು ಜೋಡಿಸಿ ಕೈತೊಳೆದುಕೊಂಡಿದ್ದರು.

ಆ ಎರಡು ತಂತಿಗಳಲ್ಲಿಯೇ ಇಡೀ ಕತೆ ಇತ್ತು. ಮನೆಯ ರೇಡಿಯೋಗಳು ಬ್ಯಾಟರಿಯಿಂದ ನಡೆಯುತ್ತಿದ್ದ ಮೊದಲ ದಿನಗಳಲ್ಲಿ ಸ್ಪೀಕರೆಂದರೆ ಹೆಚ್ಚಾಗಿ ಹೆಡ್‌ಫೋನಿನ ತಗಡಿಗೆ ಕಹಳೆ ಜೋಡಿಸಿದಂಥ ಉಪಕರಣ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ವಿವರಿಸಿದ ಸ್ಪೀಕರಿನಲ್ಲಿ, ಕಾಗದದ ಕೋನಿಗೆ ಅಂಟಿದ ಸಣ್ಣ ಸುರುಳಿಯೊಂದು ಬಲವಾದ ಕಾಂತದ ಸಂದಿನಲ್ಲಿ ಚಲಿಸುತ್ತಿತ್ತು. ಇಂದಿಗೂ ನಾವು ಬಳಸುವುದು ಅದೇ ತತ್ತ್ವವನ್ನು. ಆದರೆ ಅಷ್ಟು ಬಲದ ಶಾಶ್ವತ ಕಾಂತ ಆಗ ಅಗ್ಗವಾಗಿ ಸಿಗುತ್ತಿರಲಿಲ್ಲವಾದ್ದರಿಂದ, ಸಾವಿರಾರು ಸುತ್ತುಗಳ ಫೀಲ್ಡ್ ಕಾಯಿಲ್‌ಗೆ ನೇರ ವಿದ್ಯುತ್ ಹರಿಸಿ ಕಬ್ಬಿಣವನ್ನು ಕಾಂತವಾಗಿಸುತ್ತಿದ್ದರು. ಅದಕ್ಕೆ ಬೇಕಾದ ಕರೆಂಟನ್ನು ಬ್ಯಾಟರಿಯಿಂದ ಒದಗಿಸುವುದು ದುಬಾರಿ. 1926ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಮಾರಾಟಕ್ಕಿಟ್ಟ ರೇಡಿಯೋಲಾ 104 ಎಂಬ ಸ್ಪೀಕರು ಗೋಡೆಯ ವಿದ್ಯುತ್ತಿನಿಂದ ನಡೆಯುವ ಆಂಪ್ಲಿಫೈಯರನ್ನು ತನ್ನ ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡು ಬಂದದ್ದು ಆಕಸ್ಮಿಕವಲ್ಲ ಎಂದೇ ನನಗೆ ತೋರುತ್ತದೆ.

ಮುಂದೆ ಬಂದ ಸೆಟ್ಟುಗಳಲ್ಲಿ ಎಂಜಿನಿಯರುಗಳು ಜಾಣ ಜಿಪುಣತನವೊಂದನ್ನು ತೋರಿದರು. ಗೋಡೆಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸುವ ರೆಕ್ಟಿಫೈಯರ್ ವಾಲ್ವಿನಿಂದ ಬರುವ ಅಲೆಯುಳ್ಳ ಕರೆಂಟನ್ನು ನಯಗೊಳಿಸಲು ಹೇಗಿದ್ದರೂ ಒಂದು ಚೋಕ್, ಅಂದರೆ ಅಲೆಯನ್ನು ತಡೆಯುವ ತಂತಿಸುರುಳಿ ಬೇಕು. ಫೀಲ್ಡಿಗೆ ಹೇಗಿದ್ದರೂ ಕರೆಂಟು ಬೇಕು. ಫೀಲ್ಡ್ ಕಾಯಿಲನ್ನೇ ಚೋಕಾಗಿಸಿದರೆ ಎರಡೂ ಆಯಿತು. ಚಿಕ್ಕಪ್ಪ ಹೊಸೆದಿದ್ದ ಎರಡು ತಂತಿಗಳು ಆ ಕಾಯಿಲಿನವೇ. ‘ಸ್ಪೀಕರನ್ನು ಕಿತ್ತರೆ ಈ ಸೆಟ್ಟಿನ ಉಸಿರೇ ನಿಲ್ಲುತ್ತೆ. ನಿಮ್ಮ ಚಿಕ್ಕಪ್ಪ ಉಸಿರು ನಿಲ್ಲಿಸಲಿಲ್ಲ, ಮೂಗನ್ನೇ ಕತ್ತರಿಸಿಬಿಟ್ಟರು’ ಎಂದರು ಹಿರಿಯರು. ಮೀಟರು ಹಿಡಿದಾಗ, 260 ವೋಲ್ಟ್ ಇರಬೇಕಾದ ಕಡೆ ನೂರಕ್ಕೂ ಹೆಚ್ಚು ವೋಲ್ಟ್ ಮೇಲಿತ್ತು. ನಮ್ಮ 50 ಸೈಕಲ್ ವಿದ್ಯುತ್ತು ರೆಕ್ಟಿಫೈ ಆದಾಗ ಉಳಿಯುವ 100 ಸೈಕಲ್ ಅಲೆ ತಡೆಯಿಲ್ಲದೆ, ಸ್ಪೀಕರನ್ನು ನಡೆಸುವ ಔಟ್‌ಪುಟ್ ವಾಲ್ವಿಗೆ ಹೋಗುತ್ತಿತ್ತು.

ಸಂಜೆಯೊಳಗೆ, ಮನೆ ಖಾಲಿ ಮಾಡುವಾಗ ಮುಟ್ಟದೆ ಬಿಟ್ಟಿದ್ದ ತಾತನ ಮನೆಯ ಅಟ್ಟ ಹತ್ತಿ ಹುಡುಕಿದೆ. ಪುಣ್ಯಕ್ಕೆ, ನಮ್ಮ ಮನೆಯಲ್ಲಿ ಯಾವುದನ್ನೂ ಎಸೆಯುವ ಅಭ್ಯಾಸವಿರಲಿಲ್ಲ: ಹಿತ್ತಾಳೆಯ ಪಾತ್ರೆಗಳ ಹಿಂದೆ, ಗೋಣಿಚೀಲದಲ್ಲಿ, ಇಲಿ ಕಡಿದ ಕೋನಿನೊಂದಿಗೆ ಮೂಲ ಸ್ಪೀಕರು ಸಿಕ್ಕಿತು. ಫೀಲ್ಡ್ ಕಾಯಿಲ್ ಸುಮಾರು 1800 ಓಮ್ ತೋರಿಸಿತು. 60 ಮಿಲಿಆಂಪಿಯರ್ ಹರಿದರೆ ಅದರಲ್ಲಿ 108 ವೋಲ್ಟ್ ಇಳಿಯುತ್ತದೆ, ಲೆಕ್ಕ ಸರಿಹೊಂದಿತು.

ಕೋನಿನ ದುರಸ್ತಿಗೇ ಮುಂದಿನ ವಾರವೆಲ್ಲ ಹಿಡಿಯಿತು. ಹರಿದ ಕಡೆ ತೆಳು ಕಾಗದದ ತೇಪೆ ಹಾಕಿ ತೆಳುವಾದ ಅಂಟು ಸವರಿದ ಹಿರಿಯರು, ಕೋನಿಗೆ ಅಂಟಿದ ವಾಯ್ಸ್ ಕಾಯಿಲ್ ಕಾಂತದ ನಡುಗಂಬಕ್ಕೆ ಉಜ್ಜದಂತೆ ಸಂದಿನ ಸುತ್ತ ಹಳೆಯ ಎಕ್ಸ್‌ರೇ ಫಿಲಂನ ಪಟ್ಟಿಗಳನ್ನು ತುರುಕಿ, ಅದು ನಡುವಿಗೆ ಬಂದ ಮೇಲೆಯೇ ತಿರುಪು ಬಿಗಿದರು. ಎಂಬತ್ತು ದಾಟಿದ ಅವರ ಕೈ ಕಾಫಿ ಲೋಟ ಹಿಡಿದಾಗ ನಡುಗುತ್ತಿತ್ತು, ಆ ಪಟ್ಟಿಗಳನ್ನು ಹಿಡಿದಾಗ ನಡುಗಲಿಲ್ಲ.

ಸೆಟ್ಟಿಗೆ ಸರಣಿಯಲ್ಲಿ 60 ವಾಟಿನ ಬಲ್ಬು ಕಟ್ಟಿ ಸ್ವಿಚ್ಚು ಹಾಕಿದೆವು. ಬಲ್ಬು ಒಮ್ಮೆ ಪ್ರಕಾಶಿಸಿ ಮಂಕಾಯಿತು, ಅಂದರೆ ಎಲ್ಲಿಯೂ ಶಾರ್ಟ್ ಇಲ್ಲ. ನೇರವಾಗಿ ಜೋಡಿಸಿದಾಗ ಹಮ್ಮು ಮೊದಲಿಗಿಂತ ಜೋರಾಗಿಯೇ ಬಂತು. ನನ್ನ ಮುಖ ನೋಡಿ ಅವರು ಸೆಟ್ಟನ್ನು ಆರಿಸಿ, ಕಂಡೆನ್ಸರುಗಳನ್ನು ಡಿಸ್ಚಾರ್ಜ್ ಮಾಡಿ, ಫೀಲ್ಡಿನ ಪಕ್ಕದಲ್ಲಿ ಸುತ್ತಿದ್ದ ನಾಲ್ಕೈದು ಸುತ್ತಿನ ಪುಟ್ಟ ಕಾಯಿಲನ್ನು ತೋರಿಸಿದರು. ಫೀಲ್ಡಿನ ಅಲೆಯನ್ನೇ ತಿರುವುಮುರುವಾಗಿ ವಾಯ್ಸ್ ಕಾಯಿಲ್‌ಗೆ ಕೊಟ್ಟು ಹಮ್ಮನ್ನು ಅಳಿಸುವುದು ಅದರ ಕೆಲಸ. ನಾನು ಅದರ ತಂತಿಗಳನ್ನು ಅದಲುಬದಲು ಬೆಸೆದಿದ್ದೆ.

ಬದಲಿಸಿ ಬೆಸೆದ ಮೇಲೆ, ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ದಪ್ಪನೆಯ, ಬೆಚ್ಚಗಿನ ಧ್ವನಿಯಲ್ಲಿ ಬಂತು. ಹಿರಿಯರು ಸ್ಪೀಕರಿನ ಬೆನ್ನಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿದರು, ಅದು ಕಚ್ಚಿಕೊಂಡಿತು. ಸ್ವಿಚ್ಚು ಆರಿಸಲು ಹೇಳಿದರು. ಧ್ವನಿ ಮೆಲ್ಲಗೆ ಕುಗ್ಗಿತು, ಇನ್ನೊಂದು ಕ್ಷಣ ತಡೆದು ಸ್ಕ್ರೂಡ್ರೈವರು ಅವರ ಅಂಗೈಗೆ ಬಿತ್ತು.